ಆಟಿಕೆ ಸವೆಯಲಿ, ಮಗು ಬೆಳೆಯಲಿ

ಕೆಲವು ವರ್ಷಗಳ ಹಿಂದೆ ನಾವು ಐದಾರು ಮಂದಿ ಸೇರಿ ಆಲೂರು ಕಡೆಯ ಒಂದು ಅಂಗನವಾಡಿಗೆ ಆಟಿಕೆಗಳನ್ನು ಕೊಟ್ಟೆವು. ರಮಝಾನಿನಲ್ಲಿ ಒಟ್ಟುಗೂಡಿಸಿದ ಸದಕಾದ ಹಣ ಅದು. ಹಾಸನದ ಪೇಟೆಯಿಂದ ಬಣ್ಣಬಣ್ಣದ ಪೆಟ್ಟಿಗೆಗಳು ಬಂದವು. ಕೀ ಕೊಟ್ಟರೆ ಓಡುವ ರೈಲು, ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಹಾಡುವ ಗೊಂಬೆ, ಗೋಡೆಗೆ ತೂಗುಹಾಕುವ ಎಬಿಸಿಡಿ ಪಟ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಂಡೆವು. ಚಹಾ ಕುಡಿದು, ಒಳ್ಳೆಯ ಕೆಲಸವಾಯಿತೆಂಬ ಸಂತೋಷದಲ್ಲಿ ಊರಿಗೆ ಮರಳಿದೆವು.

ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಒಳಗೆ ಇಣುಕಿದೆವು. ನಾವು ಕೊಟ್ಟ ಪೆಟ್ಟಿಗೆಗಳು ಬೀರುವಿನ ಮೇಲಿನ ತಟ್ಟಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಸಮೇತ ಕುಳಿತಿದ್ದವು. ಗೊಂಬೆಯ ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ಪಟಕ್ಕೆ ಬೂಷ್ಟು ಹಿಡಿದಿತ್ತು. ಮಕ್ಕಳು ನೆಲದ ಮೇಲೆ ಹುಣಸೆ ಬೀಜ ಜೋಡಿಸಿ ಆಡುತ್ತಿದ್ದರು.

ನಮಗೆ ಸಿಟ್ಟು ಬಂತು. ಕಾರ್ಯಕರ್ತೆಯನ್ನು ಕೇಳಿಯೂ ಬಿಟ್ಟೆವು. ಆಕೆ ಸಮಾಧಾನವಾಗಿಯೇ ಹೇಳಿದರು: "ಇವೆಲ್ಲ ದಾಸ್ತಾನು ಪುಸ್ತಕದಲ್ಲಿ ಬರೆದಿದ್ದೇವೆ ಸಾರ್. ಒಂದು ಮುರಿದರೂ ನಾಳೆ ಲೆಕ್ಕ ಕೊಡಬೇಕಾದವಳು ನಾನು. ನೀವು ತರುವ ಮೊದಲು ಮಕ್ಕಳಿಗೆ ಏನು ಬೇಕು ಅಂತ ಒಂದು ಮಾತು ಕೇಳಿದ್ದಿದ್ದರೆ ನಾನೇ ಹೇಳ್ತಿದ್ದೆ."

ನಮ್ಮ ಬಳಿ ಉತ್ತರವಿರಲಿಲ್ಲ. ತಪ್ಪು ಆಕೆಯದಲ್ಲ, ನಮ್ಮದು. ಆ ದಿನದಿಂದ ನಾವು ಕಲಿತದ್ದನ್ನು, ಆ ಬಗ್ಗೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಅಂಗನವಾಡಿಗೋ ನರ್ಸರಿಗೋ ಏನಾದರೂ ಕೊಡಬೇಕೆಂದಿರುವ ನಮ್ಮ ಜಮಾಅತ್‌ಗಳಿಗೂ ಕುಟುಂಬಗಳಿಗೂ ಇದು ಉಪಯೋಗವಾದೀತು.

ನಮ್ಮ ಗುಡ್ಡಗಳ ಮಕ್ಕಳು

ಅಂಗನವಾಡಿ ಎಂದರೆ ಹಿಟ್ಟು, ಮೊಟ್ಟೆ, ಲಸಿಕೆ ಎಂದಷ್ಟೇ ನಮ್ಮಲ್ಲಿ ಹಲವರು ತಿಳಿದಿದ್ದೇವೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಯೋಜನೆಯ ಆರು ಸೇವೆಗಳಲ್ಲಿ ಪೂರಕ ಪೌಷ್ಟಿಕ ಆಹಾರ ಒಂದಾದರೆ, 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಇನ್ನೊಂದು. ಐವತ್ತು ವರ್ಷಗಳಲ್ಲಿ ತಟ್ಟೆಯ ಬಗ್ಗೆ ನಾವೆಲ್ಲ ವಿಚಾರಿಸಿದ್ದೇವೆ. ಆಟಿಕೆಯ ಬಗ್ಗೆ ವಿಚಾರಿಸಿದವರು ಕಡಿಮೆ.

ಸಕಲೇಶಪುರ, ಆಲೂರು ಕಡೆ ಈ ಶಿಕ್ಷಣದ ಅಗತ್ಯ ಇನ್ನೂ ಹೆಚ್ಚು. ಇಲ್ಲಿ ಮನೆಗಳು ಒಂದೆಡೆ ಇಲ್ಲ. ತೋಟಕ್ಕೊಂದು ಲೈನು, ಗುಡ್ಡಕ್ಕೆ ನಾಲ್ಕು ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಆನೆ ಬಂದಿದೆ ಎಂದು ಸುದ್ದಿ ಬಂದರೆ ಆ ದಿನ ಮಗುವನ್ನು ಹೊರಗೆ ಕಳಿಸುವವರಿಲ್ಲ. ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ತಾಯಂದಿರು ಬೆಳಿಗ್ಗೆಯೇ ತೋಟ ಸೇರುತ್ತಾರೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೆಚ್ಚು ಮಹಿಳಾ ಕಾರ್ಮಿಕರಿರುವ ದೊಡ್ಡ ಎಸ್ಟೇಟುಗಳಿಗೆ ಶಿಶುವಿಹಾರ ನಡೆಸುವ ಹೊಣೆ ಹೊರಿಸಿತ್ತು. ಆದರೆ ನಾಲ್ಕಾರು ಆಳುಗಳ ಸಣ್ಣ ತೋಟಗಳಿಗೆ ಅದು ತಾಗಲಿಲ್ಲ. ಆ ಮಕ್ಕಳಿಗೆ ಉಳಿದದ್ದು ಅಂಗನವಾಡಿಯೇ.

ಭಾಷೆಯ ಮಾತೂ ಇದೆ. ಒಂದೇ ಕೋಣೆಯಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗು, ಬ್ಯಾರಿ ಆಡುವ ಮಗು, ಉರ್ದು ಆಡುವ ಮಗು, ತುಳು ಆಡುವ ಮಗು, ಕೊಯ್ಲಿಗೆ ದೂರದಿಂದ ಬಂದ ಕುಟುಂಬದ ಹಿಂದಿಯೋ ಅಸ್ಸಾಮಿಯೋ ಆಡುವ ಮಗು ಕೂಡಿ ಕೂರುತ್ತವೆ. ಮೂರು ವರ್ಷದ ಬ್ಯಾರಿ ಮಗುವಿಗೆ ಟೀಚರ್ ಹೇಳುವ ಕನ್ನಡ ಮೊದಮೊದಲು ಅರ್ಥವಾಗುವುದಿಲ್ಲ. ಅದು ಮೂಲೆ ಹಿಡಿದು ಕೂರುತ್ತದೆ. ಅದರ ಮುಂದೆ ನಾಲ್ಕು ಮರದ ತುಂಡುಗಳನ್ನು ಇಡಿ. ಕಟ್ಟಲು ಭಾಷೆ ಬೇಡ. ಪಕ್ಕದ ಮಗುವೂ ಬಂದು ಕೂತರೆ "ಕೊಡು", "ಮೇಲೆ", "ಬಿತ್ತು", "ಇನ್ನೊಂದು" ಎಂಬ ಮಾತುಗಳು ತಾವಾಗಿ ಹುಟ್ಟುತ್ತವೆ. ಹೀಗೆ ವಸ್ತುವಿನಿಂದ ಆರಂಭವಾಗುವ ಕನ್ನಡ ಮಗುವಿಗೆ ಹೆದರಿಕೆ ಹುಟ್ಟಿಸುವುದಿಲ್ಲ.

ಕೈಯಿಂದ ತಲೆಗೆ

"ಅಲ್ಲಿ ಏನೂ ಕಲಿಸಲ್ಲ, ಬರೀ ಆಟ ಆಡಿಸ್ತಾರೆ" ಎಂಬ ದೂರು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಆದ್ದರಿಂದಲೇ ಮೂರು ವರ್ಷಕ್ಕೆ ಸ್ಲೇಟು ಹಿಡಿಸುವ ಅವಸರ. ಈ ವಯಸ್ಸಿನಲ್ಲಿ ಆಟವೇ ಪಾಠ ಎಂಬುದನ್ನು ಒಂದೊಂದು ವಸ್ತುವಿನ ಮೂಲಕ ನೋಡೋಣ.

ಮಣಿ ಪೋಣಿಸುವ ಮಗು ಹೆಬ್ಬೆರಳು, ತೋರುಬೆರಳುಗಳ ನಡುವೆ ಮಣಿಯನ್ನು ಹಿಡಿಯುತ್ತದೆ. ಇನ್ನೊಂದು ಕೈಯಲ್ಲಿ ದಾರ. ಕಣ್ಣು ತೂತನ್ನು ಹುಡುಕಬೇಕು, ಕೈ ಅದನ್ನು ಅನುಸರಿಸಬೇಕು. ನಾಳೆ ಪೆನ್ಸಿಲ್ ಹಿಡಿಯುವುದು ಇದೇ ಬೆರಳುಗಳು. ಈ ಬೆರಳುಗಳಿಗೆ ಬಲ ಬರುವ ಮೊದಲೇ ಅಕ್ಷರ ತಿದ್ದಿಸಿದರೆ ಮಗು ಇಡೀ ಮುಷ್ಟಿಯಲ್ಲಿ ಬಳಪ ಹಿಡಿಯುತ್ತದೆ, ಬೇಗ ದಣಿಯುತ್ತದೆ, ಬರವಣಿಗೆ ಎಂದರೆ ಬೇಸರ ಪಡುತ್ತದೆ. ಜೇಡಿಮಣ್ಣು ಕಲಸುವುದು, ಕಾಗದ ಹರಿಯುವುದು, ಬಟ್ಟೆಗೆ ಗುಂಡಿ ಹಾಕುವುದು ಇವೂ ಬರವಣಿಗೆಯ ಪೂರ್ವತಯಾರಿಯೇ.

ಮರದ ತುಂಡುಗಳಿಂದ ಗೋಪುರ ಕಟ್ಟುವ ಮಗುವಿಗೆ ದೊಡ್ಡದು ಕೆಳಗೆ, ಸಣ್ಣದು ಮೇಲೆ ಇದ್ದರಷ್ಟೇ ಅದು ನಿಲ್ಲುತ್ತದೆ ಎಂಬುದು ನಾಲ್ಕು ಬಾರಿ ಬಿದ್ದ ಮೇಲೆ ಗೊತ್ತಾಗುತ್ತದೆ. ಎರಡು ಸಣ್ಣ ತುಂಡು ಸೇರಿದರೆ ಒಂದು ದೊಡ್ಡದರಷ್ಟು ಉದ್ದ ಎಂದು ಕಂಡುಕೊಂಡ ದಿನ ಅದು ಗಣಿತದ ಬಾಗಿಲಲ್ಲಿ ನಿಂತಿರುತ್ತದೆ. ಒಂದರಿಂದ ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ "ಮೂರು ತುಂಡು ಕೊಡು" ಎಂದರೆ ತಡವರಿಸುವುದನ್ನು ನಾವು ನೋಡಿದ್ದೇವೆ. ಮೂರು ಎಂಬುದು ಮೊದಲು ಕೈಗೆ ಸಿಗಬೇಕು.

ಆಕಾರಗಳನ್ನು ಅವುಗಳ ಗುಳಿಯಲ್ಲೇ ಕೂರಿಸುವ ಹಲಗೆಯದು ಇನ್ನೊಂದು ಗುಣ. ತಪ್ಪಾಗಿ ಇಟ್ಟರೆ ಕೂರುವುದಿಲ್ಲ. "ತಪ್ಪು" ಎಂದು ಯಾರೂ ಗದರಬೇಕಿಲ್ಲ; ಮಗು ತಾನೇ ತಿರುಗಿಸಿ ನೋಡುತ್ತದೆ. 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಝೊ ಎಂಬ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದ ವೈದ್ಯೆ ಮರಿಯಾ ಮಾಂಟೆಸ್ಸರಿ ತಮ್ಮ ಸಾಧನಗಳನ್ನು ಈ ತತ್ವದ ಮೇಲೆಯೇ ರೂಪಿಸಿದರು. ದುಡಿಯಲು ಹೋದ ತಾಯಿತಂದೆಯರ ಮಕ್ಕಳಿಗಾಗಿ ಹುಟ್ಟಿದ ಪದ್ಧತಿ ಅದು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತಿ ಕೊಟ್ಟರು. ಇಂದು ಆ ಹೆಸರು ದುಬಾರಿ ಶಾಲೆಗಳ ಫಲಕದಲ್ಲಿ ಕಾಣುತ್ತದೆ. ಅದರ ಮೂಲ ನಮ್ಮ ಲೈನ್ ಮನೆಗಳಂಥ ಮನೆಗಳ ಮಕ್ಕಳಲ್ಲಿದೆ.

ಚಿತ್ರಪುಸ್ತಕ ಹಿಡಿದ ಮಗು ಓದುವುದಿಲ್ಲ, ನಿಜ. ಆದರೆ ಪುಸ್ತಕಕ್ಕೆ ತಲೆ ಬುಡ ಇದೆ, ಹಾಳೆ ಒಂದು ಕಡೆಯಿಂದ ತಿರುಗುತ್ತದೆ, ಆ ಕಪ್ಪು ಗುರುತುಗಳಲ್ಲಿ ಮಾತು ಅಡಗಿದೆ ಎಂದು ಅರಿಯುತ್ತದೆ. ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಗುವಿಗೆ ಇದು ಒಂದನೇ ತರಗತಿಯಲ್ಲಿ ಮೊದಲ ಬಾರಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಪಕ್ಕದ ಮಗು ಮುಂದೆ ಹೋಗಿರುತ್ತದೆ. ಮಡಕೆ ಕುಡಿಕೆ, ತಕ್ಕಡಿ, ಹಳೆಯ ಮೊಬೈಲಿನ ಖಾಲಿ ಕವಚ ಇಟ್ಟುಕೊಂಡು ಅಂಗಡಿ ಆಟ ಆಡುವ ಮಕ್ಕಳು ಸರದಿ ಕಾಯುವುದನ್ನೂ, ಕೇಳಿ ಪಡೆಯುವುದನ್ನೂ, ಸೋತು ಸುಮ್ಮನಿರುವುದನ್ನೂ ಕಲಿಯುತ್ತಾರೆ. ಇದು ಉಪದೇಶದಿಂದ ಬರುವ ಕಲಿಕೆಯಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಿದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆ ಎಂದಿದೆ. ಕರ್ನಾಟಕದ ಅಂಗನವಾಡಿಗಳ 'ಚಿಲಿಪಿಲಿ' ಪಠ್ಯಕ್ರಮವೂ ಹಾಡು, ಕತೆ, ಆಟ, ಚಟುವಟಿಕೆಗಳ ಮೇಲೆಯೇ ನಿಂತಿದೆ. ಪುಸ್ತಕದಲ್ಲಿ ಚಟುವಟಿಕೆ ಇದ್ದು, ಅದನ್ನು ಮಾಡಲು ಕೋಣೆಯಲ್ಲಿ ಸಾಮಗ್ರಿ ಸಾಲದಿದ್ದಾಗಲೇ ದಾನಿಯ ನೆರವು ಬೇಕಾಗುವುದು.

ವಸ್ತುವಿನ ಜೊತೆಗೆ ಮಾತು

ಆಟಿಕೆ ಒಂದೇ ಸಾಕೇ? ಇದಕ್ಕೆ ಉತ್ತರ ಜಮೈಕಾ ದೇಶದಿಂದ ಬಂದಿದೆ. 1986–87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಪೌಷ್ಟಿಕತೆಯ ಕೊರತೆಯಿಂದ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತವರ ಸಂಗಡಿಗರು ಆರಿಸಿಕೊಂಡರು. ನಮ್ಮ ಅಂಗನವಾಡಿ ಮಕ್ಕಳಿಗಿಂತ ಸಣ್ಣವರು, 9ರಿಂದ 24 ತಿಂಗಳ ಕೂಸುಗಳು. ಕೆಲವರಿಗೆ ಪೂರಕ ಆಹಾರ ಮಾತ್ರ ಸಿಕ್ಕಿತು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು, ಮನೆಯ ಸಾಮಾನಿನಿಂದಲೇ ಮಾಡಿದ ಆಟಿಕೆಗಳಿಂದ ಮಗುವಿನೊಂದಿಗೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸಿಕೊಟ್ಟಳು. ಕೆಲವರಿಗೆ ಎರಡೂ ಸಿಕ್ಕವು. ಕೆಲವರಿಗೆ ಎರಡೂ ಇರಲಿಲ್ಲ. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷಗಳ ನಂತರ ಅವರನ್ನು ಮತ್ತೆ ಹುಡುಕಿ ನೋಡಿದಾಗ, ಆಟ ಮತ್ತು ಮಾತು ಸಿಕ್ಕ ಮಕ್ಕಳ ಸಂಪಾದನೆ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಆಹಾರ ಮಾತ್ರ ಪಡೆದವರಲ್ಲಿ ಅಂಥ ಉಳಿಯುವ ಲಾಭ ಕಾಣಲಿಲ್ಲ. 2014ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಊಟ ಬೇಡ ಎಂದು ಇದರ ಅರ್ಥವಲ್ಲ. ಹೊಟ್ಟೆ ತುಂಬಿದರಷ್ಟೇ ಸಾಲದು, ಮನಸ್ಸಿಗೂ ಉಣಿಸಬೇಕು ಎಂದು ಅರ್ಥ. ಆ ಆಟಿಕೆಗಳು ದುಬಾರಿಯವೂ ಅಲ್ಲ. ಅವುಗಳ ಜೊತೆಗೆ ಒಬ್ಬ ಮನುಷ್ಯ ಇದ್ದರು, ಮಾತು ಇತ್ತು.

ನಮಗಂತೂ ಇದು ಹೊಸ ವಿಷಯವಾಗಬಾರದು. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿಯೊಂದಿಗೆ ಆಡುತ್ತಿದ್ದ. ಪ್ರವಾದಿ(ಸ)ರು ಆ ಮನೆಗೆ ಬಂದಾಗಲೆಲ್ಲ ಮಗುವನ್ನು ಹಿರಿಯರನ್ನು ಕರೆಯುವಂತೆ ಹೆಸರಿಟ್ಟು ಕರೆದು, ಅವನ ಹಕ್ಕಿಯ ಬಗ್ಗೆ ಕೇಳುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಮಗು ಯಾವುದರಲ್ಲಿ ಮಗ್ನವೋ ಅದರ ಬಗ್ಗೆಯೇ ಮಾತಾಡಿಸುವುದು. ಬಾಲಶಿಕ್ಷಣ ತಜ್ಞರು ಇಂದು ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ. ಆದ್ದರಿಂದ ಆಟಿಕೆ ಕೊಟ್ಟು ಕೈತೊಳೆದುಕೊಳ್ಳದೆ, ತಿಂಗಳಿಗೊಮ್ಮೆ ಒಂದು ಗಂಟೆ ನೆಲದಲ್ಲಿ ಕೂತು ಕತೆ ಓದಿ ಹೇಳಬಲ್ಲ ಒಬ್ಬ ಅಕ್ಕನನ್ನೋ ಅಜ್ಜಿಯನ್ನೋ, ಕಾರ್ಯಕರ್ತೆಯ ಒಪ್ಪಿಗೆ ಪಡೆದು ಕಳಿಸಿದರೆ ಆ ದಾನಕ್ಕೆ ಜೀವ ಬರುತ್ತದೆ.

ಏನು ಕೊಡಬೇಕು, ಏನು ಬೇಡ

ಕಣ್ಣುಮುಚ್ಚಿಕೊಂಡಲ್ಲದೆ ನಾವೇ ಸ್ವೀಕರಿಸದಂಥ ಕಳಪೆ ವಸ್ತುವನ್ನು ದಾನಕ್ಕೆ ಎತ್ತಿಡಬಾರದು ಎಂಬುದು ಅಲ್-ಬಕರ ಅಧ್ಯಾಯದ 267ನೇ ಸೂಕ್ತದ ಆಶಯ. ಮನೆಯಲ್ಲಿ ಮಕ್ಕಳು ಆಡಿ ಬಿಟ್ಟ, ಚಕ್ರ ಕಳಚಿದ ಕಾರು, ಹಾಳೆ ಹರಿದ ಪುಸ್ತಕಗಳನ್ನು ಗೋಣಿಯಲ್ಲಿ ತುಂಬಿ ಅಂಗನವಾಡಿಗೆ ಸಾಗಿಸುವಾಗ ಈ ಸೂಕ್ತ ನೆನಪಾಗಬೇಕು. ಬಳಸಿದ ವಸ್ತು ಕೊಡಬಾರದೆಂದಲ್ಲ. ನಮ್ಮ ಮಗುವಿಗೇ ಮತ್ತೆ ಕೊಡಬಲ್ಲೆವೇ ಎಂದು ಕೇಳಿಕೊಂಡು, ತೊಳೆದು, ಒಣಗಿಸಿ, ಎಣಿಸಿ ಕೊಡಬೇಕು.

ಮೊದಲ ಮಾತು ಸುರಕ್ಷತೆಯದು. ಅಂಗನವಾಡಿಗೆ ಅಕ್ಕನ ಜೊತೆ ಒಂದೂವರೆ ವರ್ಷದ ತಮ್ಮನೂ ಬರುತ್ತಾನೆ; ಅವನಿಗೆ ಎಲ್ಲವೂ ಬಾಯಿಗೆ. ಪೂರ್ತಿಯಾಗಿ ಬಾಯೊಳಗೆ ಹೋಗುವಷ್ಟು ಸಣ್ಣ ವಸ್ತು ಅವನ ಕೈಗೆ ಸಿಗಬಾರದು. ಮಣಿ ದೊಡ್ಡದಿರಲಿ. ಹುಣಸೆ ಬೀಜ, ಕಾಫಿ ಬೀಜಗಳ ಎಣಿಕೆಯಾಟ ದೊಡ್ಡ ಮಕ್ಕಳಿಗೆ, ಟೀಚರ್ ಕಣ್ಣೆದುರು ಮಾತ್ರ. ಗುಂಡಿಯಂಥ ಪುಟ್ಟ ಬ್ಯಾಟರಿ ಇರುವ ಆಟಿಕೆ ಬೇಡವೇ ಬೇಡ: ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಬಿಡಿ ಅಯಸ್ಕಾಂತದ ಚೂರುಗಳೂ ಬೇಡ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವುದನ್ನು ಕೊಳ್ಳುವ ಮೊದಲು ಅದನ್ನು ನೋಡಿ.

ಎರಡನೆಯದು ನಮ್ಮ ಹವೆ. ಮಲೆನಾಡಿನ ಮಳೆಗಾಲದಲ್ಲಿ ತೆಳು ಕಾಗದ, ರಟ್ಟು ಎರಡು ತಿಂಗಳು ಬಾಳುವುದಿಲ್ಲ. ಲ್ಯಾಮಿನೇಟ್ ಮಾಡಿದ ಚಿತ್ರಗಳು, ಬಟ್ಟೆಯ ಪುಸ್ತಕ, ಗಟ್ಟಿ ಪ್ಲಾಸ್ಟಿಕ್, ಮೆರುಗೆಣ್ಣೆಯ ಮರ ತಡೆದುಕೊಳ್ಳುತ್ತವೆ. ಆಟಿಕೆಗಳ ಜೊತೆ ಮುಚ್ಚಳವಿರುವ ಡಬ್ಬಗಳನ್ನೂ ಕೊಡಿ. ಬಿಸಿಲು ಕಂಡ ದಿನ ಸೋಪಿನ ನೀರಿನಲ್ಲಿ ತೊಳೆದು ಒಣಗಿಸುವ ರೂಢಿ ಇರಲಿ.

ಮೂರನೆಯದು ತೆರೆದ ವಸ್ತು. ಕೀ ಕೊಟ್ಟರೆ ಓಡುವ ರೈಲು ತಾನೇ ಆಡುತ್ತದೆ, ಮಗು ನೋಡುತ್ತದೆ. ಮರದ ತುಂಡು ತಾನಾಗಿ ಏನೂ ಮಾಡುವುದಿಲ್ಲ. ಮಗು ಅದನ್ನು ರೈಲು ಮಾಡುತ್ತದೆ, ಮನೆ ಮಾಡುತ್ತದೆ, ಮಂಜರಾಬಾದ್ ಕೋಟೆಯನ್ನೂ ಮಾಡುತ್ತದೆ. ಕಿಂಡರ್‌ಗಾರ್ಟನ್ ಪದ್ಧತಿಯ ಜನಕ, ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್, 1837ರಲ್ಲಿ ತಮ್ಮ ಸಂಸ್ಥೆ ಆರಂಭಿಸಿ ಮಕ್ಕಳಿಗೆಂದು ಉಣ್ಣೆಯ ಚೆಂಡು, ಮರದ ಗೋಲ, ಘನ, ತುಂಡುಗಳನ್ನು ರೂಪಿಸಿದರು. ಅವುಗಳಿಗೆ ಅವರು ಇಟ್ಟ ಹೆಸರು 'ಉಡುಗೊರೆಗಳು'.

ನಮ್ಮ ಚನ್ನಪಟ್ಟಣದ ಹಾಲೆ ಮರದ ಆಟಿಕೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಅರಗು ಮತ್ತು ಸಸ್ಯಜನ್ಯ ಬಣ್ಣದ ಹೊಳಪು, ಚೂಪಿಲ್ಲದ ಅಂಚು. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಲೆ ಬಂತೆಂಬ ಪ್ರತೀತಿ ಇದೆ. ಇಂದಿಗೂ ಅಲ್ಲಿನ ಅನೇಕ ಮುಸ್ಲಿಮ್ ಕುಟುಂಬಗಳು ಇದನ್ನೇ ನಂಬಿವೆ. ಭೌಗೋಳಿಕ ಗುರುತು ಪಡೆದ ಕರಕುಶಲ ಆಟಿಕೆಗಳಿಗೆ ಐಎಸ್‌ಐ ಗುರುತಿನಿಂದ ವಿನಾಯಿತಿಯೂ ಇದೆ. ಅಲ್ಲಿಂದ ಕೊಂಡರೆ ಒಂದು ಸದಕಾ ಎರಡು ಮನೆಗೆ ಬೆಳಕಾಗುತ್ತದೆ. ಪುಸ್ತಕಕ್ಕೆ ನವಕರ್ನಾಟಕ, ಪ್ರಥಮ್ ಬುಕ್ಸ್‌ನಂಥವರ ಕನ್ನಡ ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಸಾಲು ಕಡಿಮೆ, ಚಿತ್ರ ದೊಡ್ಡದು ಇರುವುದನ್ನು ಆರಿಸಿ.

ಬೀಗ ತೆರೆಯುವುದು ಹೇಗೆ

ಆ ಕಾರ್ಯಕರ್ತೆ ಹೇಳಿದ್ದು ಇದನ್ನೇ: ಮುರಿದರೆ ಗತಿ ಏನು ಎಂಬ ಹೆದರಿಕೆಯೇ ಆಟಿಕೆಗೆ ಬೀಗ ಹಾಕಿಸುತ್ತದೆ. ಆ ಬೀಗ ತೆರೆಯಬೇಕಾದವರು ದಾನಿಗಳೇ.

ಕೊಳ್ಳುವ ಮೊದಲು ಕಾರ್ಯಕರ್ತೆಯನ್ನೂ ಸಹಾಯಕಿಯನ್ನೂ ಕೇಳಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೂ ವಲಯದ ಮೇಲ್ವಿಚಾರಕಿಗೂ ತಿಳಿಸಿ. ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಚರ್ಚಿಸಿ. ಕೊಡುವಾಗ ಒಂದು ಪತ್ರ ಬರೆದುಕೊಡಿ: ಇವು ಮಕ್ಕಳು ದಿನವೂ ಬಳಸಲು ಕೊಟ್ಟವು, ಬಳಕೆಯಲ್ಲಿ ಸವೆದರೆ, ಮುರಿದರೆ ನಮ್ಮ ಆಕ್ಷೇಪವಿಲ್ಲ, ಮುರಿದದ್ದನ್ನು ವರ್ಷಕ್ಕೊಮ್ಮೆ ಸರಿಪಡಿಸಿಕೊಡುತ್ತೇವೆ. ಈ ಪತ್ರ ದಾಸ್ತಾನು ಪುಸ್ತಕದ ಜೊತೆಗಿದ್ದರೆ ಕಾರ್ಯಕರ್ತೆಯ ಎದೆಯ ಮೇಲಿನ ಭಾರ ಇಳಿಯುತ್ತದೆ. ಕೂಡಿಸಿದ ಹಣವನ್ನೆಲ್ಲ ಒಂದೇ ದಿನ ಖರ್ಚು ಮಾಡದೆ ಒಂದು ಪಾಲನ್ನು ರಿಪೇರಿಗೆ ಇಟ್ಟುಕೊಳ್ಳಿ. ಬೀರುವಿನ ಬದಲು ಮಗುವಿನ ಎತ್ತರಕ್ಕೆ ತಕ್ಕ ತೆರೆದ ಕಪಾಟು ಮಾಡಿಸಿಕೊಡಿ. ತಾನೇ ತೆಗೆದು ತಾನೇ ಇಡುವುದೂ ಪಾಠವೇ. ಎಲ್ಲವನ್ನೂ ಒಮ್ಮೆಗೆ ಹರಡದೆ ಅರ್ಧ ಎತ್ತಿಟ್ಟು ಹದಿನೈದು ದಿನಕ್ಕೊಮ್ಮೆ ಬದಲಿಸಿದರೆ ಹಳೆಯದೂ ಹೊಸದಾಗುತ್ತದೆ.

ಝಕಾತ್‌ಗೆ ಕುರ್‌ಆನ್ ಎಂಟು ವರ್ಗಗಳನ್ನು ಹೇಳಿದೆ. ಎಲ್ಲ ಮಕ್ಕಳೂ ಬಳಸುವ ಆಟಿಕೆಗೆ ಸದಕಾದ ಹಣವನ್ನೇ ಬಳಸುವುದು ನೇರ ದಾರಿ. ಸಂದೇಹವಿದ್ದರೆ ನಿಮ್ಮ ಖತೀಬರನ್ನು ಕೇಳಿ. ಅಂಗನವಾಡಿ ಎಲ್ಲರದು. ಅಲ್ಲಿ ನಮ್ಮ ಮಗುವೂ ಪಕ್ಕದ ಮನೆಯ ಮಗುವೂ ಒಂದೇ ಗೋಪುರ ಕಟ್ಟುತ್ತಾರೆ. ಮತ್ತೆ ಫೋಟೊ? ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥ ಮಾಡಿಕೊಳ್ಳಬೇಡಿ ಎಂಬ ಎಚ್ಚರಿಕೆ ಅದೇ ಅಲ್-ಬಕರ ಅಧ್ಯಾಯದ 264ನೇ ಸೂಕ್ತದಲ್ಲಿದೆ. ಕೈಚಾಚಿ ನಿಂತ ಮಗುವಿನ ಚಿತ್ರ ಊರೂರು ಸುತ್ತುವುದನ್ನು ನಾಳೆ ಆ ಮಗುವೇ ದೊಡ್ಡದಾಗಿ ನೋಡಬಹುದು. ನಾವು ಎರಡನೆಯ ಬಾರಿ ಕ್ಯಾಮೆರಾ ಒಯ್ಯಲಿಲ್ಲ.

ಹೌದು, ಎರಡನೆಯ ಬಾರಿ ಹೋದೆವು. ಈ ಬಾರಿ ಪಟ್ಟಿ ಬರೆದದ್ದು ಕಾರ್ಯಕರ್ತೆ. ಮರದ ತುಂಡುಗಳು, ದೊಡ್ಡ ಮಣಿ, ಆಕಾರದ ಹಲಗೆ, ಅಡುಗೆ ಆಟದ ಸಾಮಾನು, ಚಿತ್ರಪುಸ್ತಕಗಳು, ತಗ್ಗಿನ ಕಪಾಟು ಮತ್ತು ಒಂದು ಪತ್ರ. ಮೊದಲ ಬಾರಿಗಿಂತ ಖರ್ಚು ಕಡಿಮೆಯೇ ಆಯಿತು. ವರ್ಷ ಕಳೆದು ನೋಡಿದರೆ ತುಂಡುಗಳ ಮೂಲೆ ಸವೆದಿತ್ತು, ಎರಡು ಪುಸ್ತಕಗಳಿಗೆ ಅಂಟುಪಟ್ಟಿ ಹಾಕಿತ್ತು, ಒಂದು ಮಣಿ ಮಾಯವಾಗಿತ್ತು. ಮೂಲೆ ಹಿಡಿದು ಕೂರುತ್ತಿದ್ದ ಒಂದು ಮಗು ನಮ್ಮ ಕೈಗೆ ಪುಸ್ತಕ ಕೊಟ್ಟು "ಓದಿ" ಎಂದಿತು.

ಮನುಷ್ಯ ತೀರಿಕೊಂಡ ಮೇಲೂ ನಿಲ್ಲದ ಕರ್ಮಗಳಲ್ಲಿ ಹರಿಯುವ ದಾನವೂ ಪ್ರಯೋಜನಕಾರಿ ಜ್ಞಾನವೂ ಸೇರಿವೆ ಎಂದು ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಬೀರುವಿನಲ್ಲಿ ಹೊಸದಾಗಿಯೇ ಉಳಿದ ಆಟಿಕೆ ಹರಿಯುವುದಿಲ್ಲ, ನಿಂತ ನೀರು ಅದು. ಮಗುವಿನ ಕೈಯಲ್ಲಿ ಸವೆದದ್ದಷ್ಟೇ ಮುಂದೆ ಹರಿಯುತ್ತದೆ. ಈ ವರ್ಷ ನಿಮ್ಮ ಊರಿನ ಅಂಗನವಾಡಿಯ ಬಾಗಿಲಲ್ಲಿ ನಿಂತು, ಏನನ್ನೂ ಕೊಳ್ಳುವ ಮೊದಲು, ಒಂದು ಮಾತು ಕೇಳಿ: "ಟೀಚರ್, ಮಕ್ಕಳಿಗೆ ಏನು ಬೇಕು?" ಅಲ್ಲಾಹನು ನಮ್ಮ ಚಿಕ್ಕಪುಟ್ಟ ಪ್ರಯತ್ನಗಳನ್ನು ಸ್ವೀಕರಿಸಲಿ.